ಇನ್ಸ್‌ಪೆಕ್ಟರಮ್ಮನ ವರ್ಷದ ಹಾಳೆ

ಇನ್ಸ್‌ಪೆಕ್ಟರಮ್ಮ ಎಂದರೆ ಪೊಲೀಸಿನವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಳಗಿನ ಮನೆಗೆ ಬಾಡಿಗೆಗೆ ಬಂದವರೊಬ್ಬರು ಆ ಹೆಸರು ಕೇಳಿಯೇ ಒಂದು ತಿಂಗಳು ತಮ್ಮ ಬೈಕನ್ನು ಗೇಟಿನ ಹೊರಗೆ ಆರಿಸಿ, ತಳ್ಳಿಕೊಂಡು ಒಳಗೆ ಬರುತ್ತಿದ್ದರು. ಕೊನೆಗೊಂದು ದಿನ ಧೈರ್ಯ ಮಾಡಿ, ಯಾವ ಸ್ಟೇಷನ್ನು ಮೇಡಂ ಎಂದು ಕೇಳಿದಾಗ, ಶರ್ಟಿನ ಫ್ಯಾಕ್ಟರಿ ಎಂಬ ಉತ್ತರ ಬಂತು. ಅಂದಿನಿಂದ ಅವರ ಬೈಕು ಮೆಟ್ಟಿಲ ಬುಡದವರೆಗೂ ಗುಡುಗುಡು ಎನ್ನುತ್ತಲೇ ಬರತೊಡಗಿತು.

ಅವಳು ಆ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವಳು. ಹೊಲಿದು ಮುಗಿದ ಶರ್ಟು ಪೆಟ್ಟಿಗೆ ಸೇರುವ ಮೊದಲು ಕೊನೆಯದಾಗಿ ದಾಟಬೇಕಾದದ್ದು ಅವಳ ಕೈಯನ್ನು. ಕಾಲರು, ತೋಳಿನ ಪಟ್ಟಿ, ಗುಂಡಿ, ಗುಂಡಿಯ ತೂತು, ಆಮೇಲೆ ಶರ್ಟನ್ನು ಒಳಮೈ ಹೊರಗೆ ಮಾಡಿ ಕಂಕುಳ ಹೊಲಿಗೆ. ಒಂದು ಶರ್ಟಿಗೆ ಒಂದು ನಿಮಿಷವೂ ಇಲ್ಲ. ತಪ್ಪು ಕಂಡರೆ ಬೈಯುವುದಿಲ್ಲ, ಗೊಣಗುವುದಿಲ್ಲ. ಕೆಂಪು ಬಾಣದ ಪುಟ್ಟ ಸ್ಟಿಕರನ್ನು ತಪ್ಪಿನ ಮೇಲೆ ಅಂಟಿಸಿ ಪಕ್ಕಕ್ಕೆ ಸರಿಸುತ್ತಿದ್ದಳು, ಅಷ್ಟೇ. ಹೊಲಿಯುವ ಹುಡುಗಿಯರು ಬೈಯುವ ಸೂಪರ್‌ವೈಸರಿಗೆ ಕ್ಯಾರೇ ಅನ್ನುತ್ತಿರಲಿಲ್ಲ. ಈ ಮಾತಿಲ್ಲದ ಬಾಣಕ್ಕೆ ಮಾತ್ರ ಅವರ ಮುಖ ಚಿಕ್ಕದಾಗುತ್ತಿತ್ತು.

ಸೇರಿದ ಮೊದಲ ವರ್ಷ ಅವಳ ಕೈಯಿಂದ ಒಂದು ತಪ್ಪು ದಾಟಿ ಹೋಗಿತ್ತು. ಗುಂಡಿಯ ತೂತುಗಳು ಅರ್ಧ ಬೆರಳು ಕೆಳಗಿಳಿದಿದ್ದ ಒಂದಿಡೀ ಲಾಟು ಪೆಟ್ಟಿಗೆ ಸಮೇತ ವಾಪಸ್ಸು ಬಂತು. ಆ ಪೆಟ್ಟಿಗೆಗಳ ಪಕ್ಕದಲ್ಲಿ ಅವಳನ್ನು ಮಧ್ಯಾಹ್ನದವರೆಗೆ ಸುಮ್ಮನೆ ನಿಲ್ಲಿಸಿದ್ದರು. ಹತ್ತೊಂಬತ್ತರ ಹುಡುಗಿ, ಎದುರಿಗೆ ನಾಲ್ಕು ಸಾಲು ಮೆಷಿನ್ನು, ಎಲ್ಲರ ಕಣ್ಣೂ ಅವಳ ಮೇಲೆ. ಅಂದು ಹೊಟ್ಟೆಯೊಳಗೆ ಏನೋ ಒಂದು ಮನೆ ಮಾಡಿಕೊಂಡಿತು. ಅದಕ್ಕೆ ಅವಳು ಇಟ್ಟ ಹೆಸರು ಅಚ್ಚುಕಟ್ಟು.

ಇನ್ಸ್‌ಪೆಕ್ಟರ್ ಎಂಬ ಬಿರುದನ್ನು ಕೊಟ್ಟವನು ಗಂಡ. ಅವನು ಸಿಟಿ ಬಸ್ಸಿನ ಡ್ರೈವರು. ಮದುವೆಯಾದ ಹೊಸದರಲ್ಲಿ ಚರ್ಚಿನಲ್ಲಿ ಎಲ್ಲರೂ ಎದ್ದುನಿಂತು ಹಾಡುತ್ತಿರುವಾಗ, ಇವಳು ಹಾಡು ನಿಲ್ಲಿಸದೆಯೇ ಅವನ ಶರ್ಟಿನ ಬೆನ್ನಿನಿಂದ ಒಂದು ನೂಲೆಳೆ ಕಿತ್ತು, ಅದನ್ನು ಬೆಳಕಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡಳಂತೆ. ಹೊರಗೆ ಬಂದ ಮೇಲೆ ಅವನು, ನಾನು ಪಾಸಾ ಇನ್ಸ್‌ಪೆಕ್ಟ್ರೇ ಎಂದು ಕೇಳಿದ. ಹೆಸರು ಹಾಗೇ ನಿಂತಿತು, ಬರಬರುತ್ತಾ ಬಾಲಕ್ಕೆ ಒಂದು ಅಮ್ಮ ಸೇರಿಕೊಂಡಿತು.

ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಈಗ ಹನ್ನೊಂದು, ಚಿಕ್ಕವಳಿಗೆ ಎಂಟು. ದೊಡ್ಡವಳು ಎರಡು ವರ್ಷ ಶಾಲೆಗೆ ಹೋದಳು. ಶಾಲೆಯ ಮೇಲೆ ದೂರು ಹೇಳುವಂಥದ್ದು ಏನೂ ಇರಲಿಲ್ಲ. ತೊಂದರೆ ಇದ್ದದ್ದು ಬಸ್ ಡಿಪೋದ ಡ್ಯೂಟಿ ಪಟ್ಟಿಯಲ್ಲಿ. ಅವನಿಗೆ ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ರಜೆ ಬರುವುದು ಮಂಗಳವಾರವೋ ಬುಧವಾರವೋ. ಅವನು ಮನೆಯಲ್ಲಿದ್ದಾಗ ಮಗಳು ಶಾಲೆಯಲ್ಲಿ, ಮಗಳು ಮನೆಯಲ್ಲಿದ್ದಾಗ ಅವನು ಸ್ಟೇರಿಂಗಿನ ಹಿಂದೆ. ಒಮ್ಮೆ ಅವನ ಬಸ್ಸಿಗೇ ಹತ್ತಿದ ಮಗಳು, ಅಪ್ಪನನ್ನು ಮಾತಾಡಿಸಲು ಮುಂದೆ ನುಗ್ಗಿ, ಡ್ರೈವರ ಜೊತೆ ಮಾತಾಡಬಾರದು ಎಂದು ಕಂಡಕ್ಟರನಿಂದ ಹೇಳಿಸಿಕೊಂಡಳು. ಅದನ್ನು ಕೇಳಿ ನಕ್ಕವನೂ ಅವನೇ, ಆಮೇಲೆ ಎರಡು ದಿನ ಸರಿಯಾಗಿ ಮಾತಾಡದೆ ಕೂತವನೂ ಅವನೇ. ಮಕ್ಕಳಿಗೆ ದೇವರ ವಾಕ್ಯ ಹೇಳಿಕೊಡುವ ಹೊಣೆ ಅಪ್ಪ ಅಮ್ಮನದು ಎಂದು ಗಂಡ ಹೆಂಡತಿ ಇಬ್ಬರೂ ಮನಸಾರೆ ನಂಬಿದವರು. ಆದರೆ ಹೇಳಿಕೊಡಲು ಮಕ್ಕಳು ಕೈಗೆ ಸಿಗಬೇಕಲ್ಲ? ತಿಂಗಳುಗಟ್ಟಲೆ ಪ್ರಾರ್ಥನೆ ಮಾಡಿ, ಲೆಕ್ಕ ಹಾಕಿ, ಅವಳು ಫ್ಯಾಕ್ಟರಿ ಬಿಟ್ಟಳು. ಮಕ್ಕಳ ಪಾಠ ಊಟದ ಮೇಜಿನ ಮೇಲೆ ಶುರುವಾಯಿತು.

ಇದಕ್ಕೆ ಅಡ್ಡ ನಿಂತವರು ಅತ್ತೆ. ಅವರು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕಲಿಸಿ ಹೆಡ್‌ಮಿಸ್ ಆಗಿ ನಿವೃತ್ತರಾದವರು, ಎರಡು ಸ್ಟಾಪಿನಾಚೆ ಒಬ್ಬರೇ ಮನೆ ಮಾಡಿಕೊಂಡಿದ್ದರು. ಅಂಗಿ ನೋಡಿದವಳು ಅಕ್ಷರ ಕಲಿಸುತ್ತಾಳಾ ಎಂಬ ಮಾತು ಅವರ ನಾಲಗೆಯ ತುದಿಯವರೆಗೂ ಬಂದಿತ್ತು. ಆಡಲಿಲ್ಲ, ಆದರೆ ಸೊಸೆಗೆ ಕೇಳಿಸಿತು. ಕೊನೆಗೆ ಮಗನಿಂದ ಒಂದು ಮಾತು ತೆಗೆದುಕೊಂಡರು. ವರ್ಷಕ್ಕೊಮ್ಮೆ ತಾವು ಬಂದು ನೋಡುವುದು, ಇಬ್ಬರಲ್ಲಿ ಒಬ್ಬರಿಗಾದರೂ ವಯಸ್ಸಿಗೆ ತಕ್ಕ ಓದು ಬಂದಿಲ್ಲವಾದರೆ ಆ ವರ್ಷವೇ ಇಬ್ಬರೂ ಶಾಲೆಗೆ. ಮಗ ಹೂಂ ಎಂದ. ಅವನು ಕೊಟ್ಟ ಮಾತಿಗೆ ತಪ್ಪುವವನಲ್ಲ, ಮೂವರಿಗೂ ಅದು ಗೊತ್ತಿತ್ತು.

ಹಾಗೆ ಹುಟ್ಟಿದ್ದು ವರ್ಷದ ಹಾಳೆ. ಹೊಸ ಪಾಠಗಳು ಶುರುವಾಗುವ ಮುಂಚಿನ ಶನಿವಾರ ಡ್ರೈವರು ಡ್ಯೂಟಿ ಬದಲಿಸಿಕೊಂಡು ಮನೆಯಲ್ಲಿರುತ್ತಿದ್ದ. ಅತ್ತೆ ಹತ್ತು ಗಂಟೆಗೆ ಬರುತ್ತಿದ್ದರು. ಮೊದಲು ಪ್ರಾರ್ಥನೆ, ಆಮೇಲೆ ಹೋದ ವರ್ಷದ ಹಾಳೆಯ ಪರೀಕ್ಷೆ, ಆಮೇಲೆ ಈ ವರ್ಷದ ಗುರಿಗಳನ್ನು ಬರೆಯುವುದು. ಹಾಳೆಗೆ ಅವಳು ಗೆರೆ ಹೊಡೆದದ್ದು ಫ್ಯಾಕ್ಟರಿಯ ಚೆಕಿಂಗ್ ಫಾರಮ್ಮಿನ ಲೆಕ್ಕದಲ್ಲೇ. ಏನು, ಎಷ್ಟು, ಯಾವಾಗ, ಆಯಿತೇ ಎಂದು ನಾಲ್ಕು ಕಾಲಂ. ಆಗಿದ್ದರೆ ಹಸಿರು ಗೆರೆ, ಆಗದಿದ್ದರೆ ಕೆಂಪು. ಗಣಿತ, ಓದು, ಬರಹ, ಕೈಕೆಲಸ, ಅದರ ಕೆಳಗೆ ಗುಣ. ಗುಣದಲ್ಲಿ ತಾಳ್ಮೆ, ಹಂಚಿಕೊಂಡು ತಿನ್ನುವುದು, ಸತ್ಯ ನುಡಿಯುವುದು. ತಾಳ್ಮೆಯನ್ನು ಅಳೆಯುವುದು ಹೇಗೆ ಎಂದು ಮೂರು ದಿನ ತಲೆ ಕೆಡಿಸಿಕೊಂಡು, ವಾರಕ್ಕೆ ಎರಡಕ್ಕಿಂತ ಹೆಚ್ಚು ಜಗಳವಿಲ್ಲ ಎಂದು ಎರಡನೆಯ ಕಾಲಮ್ಮಿನಲ್ಲಿ ಬರೆದಳು. ದೇವರೇ ಹತ್ತು ಆಜ್ಞೆಗೆ ನಿಲ್ಲಿಸಿದ್ದಾನೆ, ನಿನ್ನದು ಇಪ್ಪತ್ತಾರು ಸಾಲಾಯಿತಲ್ಲೇ ಎಂದು ಗಂಡ ಛೇಡಿಸಿದ. ಅವಳು ಇಪ್ಪತ್ತೇಳನೆಯದಕ್ಕೆ ಗೆರೆ ಎಳೆಯುತ್ತಿದ್ದಳು.

ಆ ಸಾಲುಗಳಲ್ಲೆಲ್ಲ ಅವಳಿಗೆ ಅತ್ಯಂತ ಹೆಮ್ಮೆಯದು ಚಿಕ್ಕವಳ ಓದು. ಓದಲು ಬೇರೆ ಪುಸ್ತಕ ಯಾಕೆ, ದೇವರ ವಾಕ್ಯಕ್ಕಿಂತ ಒಳ್ಳೆಯ ಪಾಠಪುಸ್ತಕ ಉಂಟೇ ಎಂಬುದು ಅವಳ ವಿಚಾರ. ಬೆಳಗಿನ ಪ್ರಾರ್ಥನೆಯಲ್ಲಿ ಓದಿದ ಭಾಗವನ್ನೇ ತಿಂಡಿಯ ನಂತರ ಚಿಕ್ಕವಳು ಮೇಜಿನ ಆಚೆ ಕಡೆ ಕೂತು ಓದಬೇಕು. ಇವಳು ಈಚೆ ಕಡೆ ತನ್ನ ಪ್ರತಿ ಹಿಡಿದು, ಒಂದಕ್ಷರ ತಪ್ಪದ ಹಾಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಿಂಬಾಲಿಸಬೇಕು. ಒಂದಕ್ಷರವೂ ತಪ್ಪುತ್ತಿರಲಿಲ್ಲ. ಹೋದ ವರ್ಷ ಅತ್ತೆಯ ಮುಂದೆ ಚಿಕ್ಕವಳು, ದೇವರನ್ನು ಹಸಿರು ಬಯಲಿಗೆ ನಡೆಸುವ ಕುರುಬನೆಂದು ಹಾಡುವ ಬೈಬಲ್ಲಿನ ಕುರುಬನ ಕೀರ್ತನೆಯನ್ನು ನೀರು ಕುಡಿದಷ್ಟು ಸಲೀಸಾಗಿ ಓದಿದಾಗ, ಹೆಡ್‌ಮಿಸ್ ತಮಗರಿವಿಲ್ಲದೆ ಎರಡು ಸಲ ಚಪ್ಪಾಳೆ ತಟ್ಟಿದ್ದರು. ಏಳು ವರ್ಷಕ್ಕೆ ಇಷ್ಟು ಚೆನ್ನಾಗಿ ಓದುವ ಮಗುವನ್ನು ನೋಡಿಲ್ಲ ಎಂದಿದ್ದರು. ಆ ದಿನ ಅವಳಿಗೆ ನೆಲದ ಮೇಲೆ ಕಾಲಿರಲಿಲ್ಲ.

ಈ ಸಲದ ಶನಿವಾರಕ್ಕೆ ಎರಡು ದಿನ ಇತ್ತು. ಗುರುವಾರ ಬೆಳಿಗ್ಗೆ ಎಂದಿನಂತೆ ಚಿಕ್ಕವಳು ಓದುತ್ತಿದ್ದಳು. ಬೀದಿಯಲ್ಲಿ ನೀರಿನ ಟ್ಯಾಂಕರು ನಿಂತು ಹಾರ್ನು ಹೊಡೆಯತೊಡಗಿದ್ದರಿಂದ ಕಿಟಕಿ ಮುಚ್ಚಲು ಇವಳು ಎದ್ದು ಮೇಜನ್ನು ಸುತ್ತಿ ಹೋದಳು. ವಾಪಸ್ಸು ಬರುವಾಗ ಮಗಳ ಬೆನ್ನ ಹಿಂದೆ ಒಂದು ಕ್ಷಣ ನಿಂತಳು, ಮುದ್ದು ಬಂದು. ಫ್ಯಾನಿನ ಗಾಳಿಗೆ ಪುಸ್ತಕದ ಹಾಳೆಗಳು ಯಾವಾಗಲೋ ಮಗುಚಿಕೊಂಡು ಎಲ್ಲಿಗೋ ಹೋಗಿದ್ದವು. ತೆರೆದಿದ್ದ ಪುಟದಲ್ಲಿದ್ದದ್ದು ಯಾರು ಯಾರ ಮಗ, ಅವನ ಮಗ ಯಾರು ಎಂಬ ಉದ್ದದ ಹೆಸರುಗಳ ಪಟ್ಟಿ. ಚಿಕ್ಕವಳ ಬೆರಳು ಆ ಮುತ್ತಾತಂದಿರ ಮೇಲೆ ಒಂದೇ ಸಮನೆ ಸಾಗುತ್ತಿತ್ತು. ಬಾಯಿ ಮಾತ್ರ ಕುರುಬನ ಜೊತೆ ಹಸಿರು ಬಯಲಿನಲ್ಲಿ ತಂಪಾಗಿ ತಿರುಗಾಡುತ್ತಿತ್ತು.

ಅವಳು ಅಡುಗೆಮನೆಗೆ ಹೋಗಿ ಸೋಪಿನ ಪುಡಿಯ ಪೊಟ್ಟಣ ತಂದು ಮಗಳ ಮುಂದಿಟ್ಟು, ಇದನ್ನು ಓದು ಪುಟ್ಟಿ ಎಂದಳು. ಚಿಕ್ಕವಳು ಪೊಟ್ಟಣ ನೋಡಲಿಲ್ಲ. ಅಮ್ಮನ ಮುಖ ನೋಡಿದಳು. ಸೋಪಿನ ಪುಡಿ ಎಂದಳು. ಅದರ ಕೆಳಗಿನದ್ದು ಎಂದಾಗ ಮತ್ತೆ ಮುಖ ನೋಡಿದಳು. ಬಿಡಿ ಅಕ್ಷರಗಳನ್ನು ತೋರಿಸಿದರೆ ಮುಕ್ಕಾಲು ಪಾಲು ಗುರುತು ಹಿಡಿದಳು, ನಾಲ್ಕನ್ನು ಸೇರಿಸಿ ಒಂದು ಮಾತು ಮಾಡು ಎಂದರೆ ಬೆವರಿದಳು. ಒಂದು ವರ್ಷಕ್ಕೂ ಮೇಲ್ಪಟ್ಟು ಈ ಮಗು ಓದುತ್ತಿದ್ದದ್ದು ಅಮ್ಮನ ಮುಖವನ್ನೇ ಹೊರತು ಪುಸ್ತಕವನ್ನಲ್ಲ. ಸಾವಿರಾರು ಶರ್ಟುಗಳ ಒಳಹೊಲಿಗೆ ನೋಡಿದವಳಿಗೆ ತನ್ನ ಮೇಜಿನ ಮೇಲಿನ ತಪ್ಪು ಕಾಣದೇ ಹೋಗಿತ್ತು.

ದೊಡ್ಡವಳು ಪಾತ್ರೆ ತೊಳೆಯುತ್ತಿದ್ದಳು. ಇವಳು ಹೋಗಿ ಅವಳ ಪಕ್ಕದಲ್ಲಿ ನಿಂತು, ನಿನಗೆ ಗೊತ್ತಿತ್ತಾ ಎಂದು ಮಾತ್ರ ಕೇಳಿದಳು. ದೊಡ್ಡವಳು ಏನು ಎತ್ತ ಎಂದು ತಿರುಗಿ ಕೇಳಲಿಲ್ಲ, ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ತಲೆ ತಗ್ಗಿಸಿಕೊಂಡೇ ಬಂತು. ಹೋದ ವರ್ಷ ಅಜ್ಜಿ ಬರುವುದಕ್ಕೆ ಮುಂಚಿನಿಂದಲೂ ಹೀಗೇ. ತಂಗಿಗೆ ಎರಡು ಸಲ ಕಿವಿಗೆ ಬಿದ್ದರೆ ಸಾಕು, ಬಾಯಿಗೆ ಬಂದುಬಿಡುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಒಂದು ಸಲ ಕೇಳುತ್ತಾಳೆ, ಹಿಂದಿನ ದಿನವೇ ಪಾತ್ರೆ ಒರೆಸುವಾಗ ಮರುದಿನದ ಭಾಗವನ್ನು ನಾನೇ ಒಂದು ಸಲ ಹೇಳಿಕೊಟ್ಟಿರುತ್ತೇನೆ.

"ಯಾಕೆ ಹೀಗೆ ಮಾಡಿದ್ರಿ?"

"ಅವಳಿಗೆ ಓದೋಕೆ ಬರಲ್ಲ ಅಂತ ಗೊತ್ತಾದ್ರೆ ಹಾಳೆಲಿ ಕೆಂಪು ಬರತ್ತೆ. ಅಜ್ಜಿ ಸ್ಕೂಲಿಗೆ ಕಳಿಸ್ತಾರೆ. ಆಮೇಲೆ ನಿಂಗೆ..." ಎಂದವಳು ಅಲ್ಲಿಗೇ ನಿಲ್ಲಿಸಿ, ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆಯತೊಡಗಿದಳು.

ಸತ್ಯ ನುಡಿಯುವುದು ಎಂಬ ಸಾಲಿನಲ್ಲಿ ಇಬ್ಬರಿಗೂ ಹಸಿರು ಗೆರೆ ಇತ್ತು, ಎರಡೂ ವರ್ಷ. ಗೆರೆ ಎಳೆದವಳು ಇವಳೇ.

ಇಲ್ಲಿಗೆ ಅವಳು ಗಂಡನಿಗೆ ಹೇಳಿದಳು, ಅತ್ತೆಗೆ ಫೋನು ಮಾಡಿದಳು, ಎಲ್ಲ ಸರಿಹೋಯಿತು ಎಂದು ಬರೆದು ಕಥೆ ಮುಗಿಸಿಬಿಡಬಹುದಿತ್ತು. ಆದರೆ ಒಳ್ಳೆಯ ಹೆಂಗಸರೂ ಅಷ್ಟು ಬೇಗ ಒಳ್ಳೆಯವರಾಗುವುದಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಗುರುವಾರ ಇಡೀ ದಿನ ಲೆಕ್ಕ ಹಾಕಿದಳು. ಅಕ್ಷರಗಳು ಬರುತ್ತವೆ, ಕೂಡಿಸುವುದು ಬರಬೇಕು ಅಷ್ಟೇ. ದಿನಕ್ಕೆ ಎರಡು ಗಂಟೆ ಕೂತರೆ ಮೂರು ತಿಂಗಳು ಸಾಕು. ಮೂರು ತಿಂಗಳಾದ ಮೇಲೆ ಈ ಸುಳ್ಳು ತಾನಾಗಿಯೇ ನಿಜವಾಗಿಬಿಡುತ್ತದೆ. ಅಲ್ಲಿಯವರೆಗೆ ದಾಟಬೇಕಾದದ್ದು ಶನಿವಾರ ಒಂದೇ. ಶಾಲೆಗೆ ಕಳಿಸಿದರೆ ಮಕ್ಕಳಿಗೆ ಮತ್ತೆ ಅಪ್ಪ ಸಿಗುವುದಿಲ್ಲ, ಗಂಡ ಮತ್ತೆ ಮಾತಿಲ್ಲದೆ ಕೂರುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು. ಅತ್ತೆಯ ನಾಲಗೆ ತುದಿಯಲ್ಲಿ ಮೂರು ವರ್ಷದಿಂದ ಕಾದು ಕೂತಿರುವ ಆ ಮಾತು ಕೆಳಗಿಳಿದು ಬರುವುದನ್ನು ಅವಳಿಗೆ ಕೇಳಲಾಗುತ್ತಿರಲಿಲ್ಲ.

ಶುಕ್ರವಾರ ತಲೆ ಬಾಚಿಸಿಕೊಳ್ಳುವಾಗ ಚಿಕ್ಕವಳು ಹಿಂದೆ ತಿರುಗದೆಯೇ, ನಾಳೆ ಅಜ್ಜಿಗೆ ಕುರುಬನದ್ದೇ ಓದಲಾ ಎಂದು ಕೇಳಿದಳು. ಬಾಚಣಿಗೆ ನಿಂತಿತು. ಆಮೇಲೆ ಮತ್ತೆ ಸಾಗಿತು.

"ಹೂಂ, ಅದನ್ನೇ ಓದು" ಎಂದಳು ಅಮ್ಮ.

ಆ ಒಂದು ಮಾತು ಅವಳನ್ನು ಎಷ್ಟು ಕಾಡಿತೆಂದರೆ, ಅಂದು ಸಂಜೆ ಮನೆಮಂದಿಯ ಪ್ರಾರ್ಥನೆಯಲ್ಲಿ ತನ್ನ ಸರದಿ ಬಂದಾಗ ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡಳು. ಗಂಡ ಪಾಪ ಬಿಸಿನೀರು ಕಾಯಿಸಿ ತಂದುಕೊಟ್ಟ. ಗಂಟಲಿಗೆ ಏನೂ ಆಗಿರದ ಹೆಂಗಸು ಆ ಬಿಸಿನೀರನ್ನು ಕೊನೆಯ ಗುಟುಕಿನವರೆಗೂ ಕುಡಿಯಬೇಕಾಯಿತು.

ಶನಿವಾರ ಹತ್ತಕ್ಕೆ ಒಂದು ನಿಮಿಷವೂ ಆಚೀಚೆಯಾಗದೆ ಅತ್ತೆ ಬಂದರು. ಇಸ್ತ್ರಿ ಮಾಡಿದ ಬಟ್ಟೆ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಮೇಜಿನ ತಲೆಯ ಕಡೆ ಕೂತು, ಹೋದ ವರ್ಷದ ಹಾಳೆಯನ್ನು ಹತ್ತಿರ ಎಳೆದುಕೊಂಡು, ಮೊದಲು ಪ್ರಾರ್ಥನೆ ಆಗಲಿ ಎಂದರು. ಐದು ಜನರೂ ಕಣ್ಣು ಮುಚ್ಚಿದರು.

ಡ್ರೈವರನ ಪ್ರಾರ್ಥನೆ ಅವನ ಬಸ್ಸಿನ ಹಾಗೆ, ಯಾವ ಸ್ಟಾಪನ್ನೂ ಬಿಡುವುದಿಲ್ಲ. ಕಳೆದ ವರ್ಷದ ಆರೋಗ್ಯಕ್ಕೆ ಸ್ತೋತ್ರ ಹೇಳಿದ. ಅಪಘಾತವಿಲ್ಲದೆ ಓಡಿದ ದಿನಗಳಿಗೆ ಸ್ತೋತ್ರ ಹೇಳಿದ. ಅಮ್ಮನ ಮಂಡಿನೋವು ಇಳಿದದ್ದಕ್ಕೆ, ದೊಡ್ಡವಳು ಹಲ್ಲಿನ ಡಾಕ್ಟರ ಹತ್ತಿರ ಅಳದೆ ಕೂತದ್ದಕ್ಕೆ, ಡಿಪೋದಲ್ಲಿ ಇವತ್ತಿನ ಡ್ಯೂಟಿ ಬದಲಿಸಿಕೊಟ್ಟವನ ಒಳ್ಳೆಯತನಕ್ಕೆ. ಆಮೇಲೆ ಅವನ ದನಿ ಸ್ವಲ್ಪ ಇಳಿಯಿತು. ಓದು ಅಷ್ಟಾಗಿ ಹತ್ತದ ತನ್ನಂಥವನ ಹೊಟ್ಟೆಯಲ್ಲಿ ಹುಟ್ಟಿದ ಚಿಕ್ಕವಳಿಗೆ ಇಷ್ಟು ಚೆಂದದ ಓದನ್ನು ಕೊಟ್ಟಿದ್ದಕ್ಕಾಗಿ, ಅದನ್ನು ಕಲಿಸಿದ ಅವಳ ತಾಯಿಗಾಗಿ, ಕರ್ತನೇ, ನಿನಗೆ ಕೋಟಿ ಸ್ತೋತ್ರ ಎಂದ. ಪ್ರಾರ್ಥನೆ ಮುಗಿಯಿತು. ಅತ್ತೆ ಆಮೆನ್ ಎಂದರು. ದೊಡ್ಡವಳು ಮೆಲ್ಲಗೆ ಅಂದಳು. ಚಿಕ್ಕವಳು ಅಂದಳು.

ಅಮ್ಮ ಮಾತ್ರ ಆಮೆನ್ ಅನ್ನಲಿಲ್ಲ. ಆಮೆನ್ ಎಂದರೆ ಹೌದು, ಇದು ನಿಜ ಎಂದು ದೇವರ ಮುಂದೆ ಒಪ್ಪಿಕೊಂಡಂತೆ. ಮಗಳ ತಲೆ ಬಾಚುತ್ತಾ ಸುಳ್ಳಿಗೆ ಹೂಂ ಎನ್ನುವುದು ಅವಳ ಕೈಲಾಗಿತ್ತು. ಇದು ಆಗಲಿಲ್ಲ. ಎಲ್ಲರೂ ಕಣ್ಣು ತೆರೆದು ಅವಳತ್ತ ನೋಡುತ್ತಿದ್ದರು.

"ರೀ, ನೀವು ಮಾಡಿದ ಪ್ರಾರ್ಥನೆಗೆ ನಾನು ಆಮೆನ್ ಹೇಳೋಕಾಗಲ್ಲ" ಎಂದಳು. "ಇವಳಿಗೆ ಓದೋಕೆ ಬರಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ಗುರುವಾರದ ಪುಟ, ಸೋಪಿನ ಪುಡಿ, ಪಾತ್ರೆ ಒರೆಸುವಾಗಿನ ಪಾಠ. ಅತ್ತೆ ನಡುವೆ ಕೈ ಎತ್ತಿ, ಹೋದ ವರ್ಷ ತಾನೇ ಕಿವಿಯಾರೆ ಕೇಳಿದ್ದೆನಲ್ಲ ಎಂದರು. ನಿಮಗೆ ಒಪ್ಪಿಸಿದ್ದೂ ಬಾಯಿಪಾಠವೇ ಅತ್ತೆ ಎಂದು ಇವಳು ಹೇಳಬೇಕಾಯಿತು. ಎರಡು ಚಪ್ಪಾಳೆಯ ನೆನಪು ಮೇಜಿನ ಮೇಲೆ ಒಂದು ಗಳಿಗೆ ಸುಳಿದುಹೋಯಿತು. ಹೆಡ್‌ಮಿಸ್ಸಿನ ಕಿವಿ ಕೆಂಪಾಯಿತು. ಡ್ರೈವರು ಎರಡೂ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಒತ್ತಿ, ಬ್ರೇಕು ಹಿಡಿದವನಂತೆ ಕೂತಿದ್ದ.

ಇಷ್ಟಕ್ಕೇ ಅವಳು ನಿಲ್ಲಿಸಲಿಲ್ಲ. ಇವತ್ತೂ ಕುರುಬನ ಕೀರ್ತನೆಯನ್ನೇ ಓದು ಎಂದು ಹೇಳಿದವಳು ತಾನೇ ಎಂದು ಒಪ್ಪಿಕೊಂಡಳು. ಚಿಕ್ಕವಳ ಕಡೆ ತಿರುಗಿ, ದೊಡ್ಡವರಿಗೆ ಹೇಳುವ ಹಾಗೆಯೇ, ತಪ್ಪಾಯ್ತು ಪುಟ್ಟಿ, ನನ್ನ ಕ್ಷಮಿಸು ಎಂದಳು. ಎಂಟು ವರ್ಷದ ಹುಡುಗಿ ತಲೆಯಾಡಿಸಿದಳು.

"ಮಾತು ಕೊಟ್ಟಿದ್ದೀವಿ ಅತ್ತೆ. ಸ್ಕೂಲಿಗೆ ಕಳಿಸಿ ಅಂದ್ರೆ ಕಳಿಸ್ತೀವಿ. ಅವಳಿಗೆ ಓದು ಬರಬೇಕು, ಎಲ್ಲಿ ಬಂದ್ರೂ ಸರಿ."

ಇದನ್ನು ಹೇಳಿದ ಮೇಲೆ ಅವಳಿಗೆ ಅಳು ಬರಲಿಲ್ಲ, ಆಶ್ಚರ್ಯವಾಯಿತು. ಮೂರು ವರ್ಷ ಹೆದರಿದ ಮಾತನ್ನು ತಾನೇ ಆಡಿಬಿಟ್ಟಿದ್ದಳು, ಮನೆಯ ಸೂರು ಕುಸಿದು ಬಿದ್ದಿರಲಿಲ್ಲ.

ಅತ್ತೆ ಹೋದ ವರ್ಷದ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಶಾಲೆಯ ವಿಚಾರ ಆಮೇಲೆ, ಮೊದಲು ಮಗುವಿಗೆ ಎಷ್ಟು ಬರುತ್ತದೋ ನೋಡೋಣ ಎಂದರು. ಆದರೆ ನೋಡುವುದು ಯಾವುದರಿಂದ? ಈ ಮನೆಯಲ್ಲಿ ಅಚ್ಚಾದದ್ದೆಲ್ಲ ಈ ಹುಡುಗಿಯ ಕಿವಿಗೆ ಬಿದ್ದಾಗಿದೆ. ಕ್ಯಾಲೆಂಡರಿನ ಕೆಳಗೆ ಏನಿದೆ, ಔಷಧಿ ಶೀಶೆಯ ಮೇಲೆ ಏನಿದೆ, ಅಪ್ಪನ ಬಸ್ಸಿನ ಬೋರ್ಡು ಏನು, ಎಲ್ಲವೂ ಬಾಯಲ್ಲಿದೆ. ಅಜ್ಜಿ ದೊಡ್ಡವಳಿಗೆ ಪೆನ್ಸಿಲು ಕೊಟ್ಟು, ಯಾರೂ ಎಲ್ಲೂ ಬರೆಯದ ಒಂದು ಸಾಲು ಬರೆದುಕೊಡು, ಬಾಯಿಬಿಟ್ಟು ಹೇಳಬೇಡ ಎಂದರು.

ದೊಡ್ಡವಳು ಪೆನ್ಸಿಲಿನ ಹಿಂಬದಿ ಕಚ್ಚುತ್ತಾ ಕೂತಳು. ತಂಗಿಯ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಆಮೇಲೆ ಎಡಗೈ ಅಡ್ಡ ಇಟ್ಟುಕೊಂಡು ದಪ್ಪ ಅಕ್ಷರಗಳಲ್ಲಿ ಬರೆದು, ಕಾಗದವನ್ನು ತಂಗಿಯ ಮುಂದೆ ಸರಿಸಿದಳು.

ಚಿಕ್ಕವಳು ಮೊದಲ ಬಾರಿಗೆ ಯಾರ ಮುಖವನ್ನೂ ನೋಡದೆ ಕಾಗದ ನೋಡಿದಳು. ಬೆರಳು ಮೊದಲ ಅಕ್ಷರದ ಮೇಲೆ ನಿಂತಿತು. ನ, ಎಂದಳು. ಮ, ಎಂದಳು. ಮೂರನೆಯದರ ಹತ್ತಿರ ತುಟಿ ಎರಡು ಸಲ ಅಲುಗಿತು. ಹೇಳಿಕೊಡಲು ಅಮ್ಮನ ನಾಲಗೆ ತಾನಾಗಿಯೇ ಎದ್ದಿತು, ಅತ್ತೆ ಮೇಜಿನ ಮೇಲಿಂದಲೇ ಕೈ ಚಾಚಿ ಸೊಸೆಯ ಮಣಿಕಟ್ಟು ಹಿಡಿದರು. ಸುಮ್ಮನಿರು ಎಂದರ್ಥ. ಗೆ, ಎಂದಳು ಚಿಕ್ಕವಳು. ನಮಗೆ.

ಎರಡನೆಯ ಪದಕ್ಕೆ ಬಹಳ ಹೊತ್ತು ಹಿಡಿಯಿತು. ಬ, ರ, ಎಂದು ಹೋಗಿ ಮತ್ತೆ ಮೊದಲಿಗೆ ಬಂದಳು. ಬೀದಿಯಲ್ಲಿ ಯಾರೋ ಬಾಗಿಲ ಶಟರು ಎತ್ತಿದರು. ಅಡುಗೆಮನೆಯಲ್ಲಿ ಒಲೆಯ ಮೇಲಿದ್ದದ್ದು ಕುದಿಯತೊಡಗಿತು, ಡ್ರೈವರು ಸದ್ದಾಗದಂತೆ ಎದ್ದು ಹೋಗಿ ಆರಿಸಿ ಬಂದ. ಬರದೇ. ಆಮೇಲೆ, ಹೋದ, ಹೋದರೂ. ಹಿಂದೆ ಹೋಗಿ ಮೂರನ್ನೂ ಕೂಡಿಸಿದಳು. ನಮಗೆ ಬರದೇ ಹೋದರೂ. ನಾಲ್ಕನೆಯದನ್ನು ನೋಡಿ ಅವಳಿಗೆ ಸಣ್ಣ ನಗು ಬಂತು, ಅದು ಗುರುತಿನ ಮುಖ. ಅಮ್ಮ, ಎಂದಳು.

ಇನ್ನೊಂದೇ ಪದ ಉಳಿದಿತ್ತು, ಅದು ಎಲ್ಲಕ್ಕಿಂತ ಉದ್ದದ್ದು. ಅದು ಏನೆಂದು ಅಮ್ಮ ಮನಸ್ಸಿನಲ್ಲೇ ಮುಂದೆ ಓದಿಬಿಟ್ಟಳು. ಬೈಯಬಾರದು ಎಂದಿರುತ್ತದೆ. ಅಥವಾ ಸಿಟ್ಟು ಮಾಡಬಾರದು ಎಂದು. ತಾನು ಯಾವತ್ತು ಬೈದಿದ್ದೇನೆ, ಒಂದು ದಿನವಾದರೂ ದನಿ ಎತ್ತಿದ್ದೇನೆಯೇ ಎಂದು ತನ್ನಲ್ಲೇ ವಾದಿಸಿಕೊಂಡಳು. ಚಿಕ್ಕವಳು ಉಗುಳು ನುಂಗಿ ಶುರುಮಾಡಿದಳು. ಹೆ. ದ. ರ. ಬೆರಳು ಒಂದೊಂದೇ ಅಕ್ಷರ ಮುಂದಕ್ಕೆ ಸರಿಯಿತು, ಒಂದು ಸಲ ಎಡವಿ ಹಿಂದೆ ಬಂತು.

"ಹೆದರಬಾರದು" ಎಂದಳು. ಮತ್ತೆ ಪೂರ್ತಿ ಸಾಲನ್ನು ಒಟ್ಟಿಗೆ ಹೇಳಿದಳು. "ನಮಗೆ ಬರದೇ ಹೋದರೂ ಅಮ್ಮ ಹೆದರಬಾರದು."

ಓದಿ ಮುಗಿಸಿದವಳು ತಾನು ಓದಿದ್ದರ ಅರ್ಥಕ್ಕಿಂತ ತಾನು ಓದಿದೆ ಎಂಬುದಕ್ಕೇ ಬೆರಗಾಗಿ ಕಾಗದ ನೋಡುತ್ತಿದ್ದಳು. ಅಮ್ಮ ಮಾತ್ರ ಆ ಸಾಲನ್ನು ತಾನೂ ಇನ್ನೊಮ್ಮೆ ಓದಿಕೊಂಡಳು. ಅಚ್ಚುಕಟ್ಟು ಎಂದು ಹೆಸರಿಟ್ಟು ಇಷ್ಟು ವರ್ಷ ಹೊಟ್ಟೆಯೊಳಗೆ ಸಾಕಿದ್ದಕ್ಕೆ ಹನ್ನೊಂದು ವರ್ಷದ ಹುಡುಗಿ ಅದರ ನಿಜವಾದ ಹೆಸರು ಬರೆದು ಕೊಟ್ಟಿದ್ದಳು.

"ನಿಂಗೆ ಯಾರು ಹೇಳಿದ್ರು ನಾನು ಹೆದರ್ತೀನಿ ಅಂತ?"

ದೊಡ್ಡವಳು ಅಜ್ಜಿಯತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. "ಅಜ್ಜಿ ಬರೋ ವಾರ ನೀನು ಊಟಾನೇ ಮಾಡಲ್ಲ ಅಮ್ಮ. ಬಡಿಸ್ಕೊಂಡು ಕೂತ್ಕೋತೀಯ, ಆಮೇಲೆ ನಮ್ಮ ತಟ್ಟೆಗೆ ಹಾಕ್ತೀಯ. ನಾವಿಬ್ರೂ ನೋಡಿದೀವಿ."

ಅತ್ತೆ ಕನ್ನಡಕ ತೆಗೆದರು. ಸೊಸೆಯ ಮಣಿಕಟ್ಟು ಇನ್ನೂ ಅವರ ಕೈಯಲ್ಲೇ ಇತ್ತು, ಅದನ್ನು ಬಿಡಲು ಮರೆತಿದ್ದರೋ ಬಿಡಲಿಲ್ಲವೋ ತಿಳಿಯದು.

"ಮಕ್ಕಳು ನನ್ನ ಕಂಡ್ರೆ ಹೆದರ್ತಾರೆ ಅಂತ ಗೊತ್ತಿತ್ತಮ್ಮ. ಹೆದರಲಿ ಅಂತಾನೇ ಇದ್ದೆ" ಎಂದರು. "ನೀನು ಊಟ ಬಿಡ್ತೀಯ ಅಂತ ಗೊತ್ತಿರಲಿಲ್ಲ."

ಆಮೇಲೆ ಮಗನ ಕಡೆ ತಿರುಗಿ, ನೀನು ಕೊಟ್ಟ ಮಾತನ್ನು ನಾನು ವಾಪಸ್ಸು ಕೊಟ್ಟಿದ್ದೇನೆ, ಇನ್ನು ಅದರ ಸುದ್ದಿ ಬೇಡ ಎಂದರು. ಐದು ಪದಕ್ಕೆ ಇಷ್ಟು ಹೊತ್ತು ಕಾಯುವ ಪುರುಸೊತ್ತು ಐವತ್ತು ಮಕ್ಕಳ ಮುಂದೆ ತನಗೆ ಒಂದು ದಿನವೂ ಇರಲಿಲ್ಲ ಎಂಬುದನ್ನೂ ಹೇಳಿದರು. ಹೇಳುವಾಗ ಅವರ ದನಿ ಹೆಡ್‌ಮಿಸ್ಸಿನದಾಗಿರಲಿಲ್ಲ. ಸೋಮವಾರದಿಂದ ಬೆಳಿಗ್ಗೆ ತಾನು ಬರಬಹುದೇ, ಚಿಕ್ಕವಳ ಓದು ತನಗೆ ಬಿಡುತ್ತೀಯಾ ಎಂದು ಸೊಸೆಯನ್ನು ಕೇಳಿದರು. ಆಜ್ಞೆ ಮಾಡಲಿಲ್ಲ, ಕೇಳಿದರು. ಸೊಸೆಗೆ ಒಳಗೆ ಸ್ವಲ್ಪ ಚುರುಕ್ಕೆಂದಿತು, ನಿಜ. ಎಲ್ಲವನ್ನೂ ತಾನೇ ಮಾಡಿ ತೋರಿಸಬೇಕೆಂದಿದ್ದವಳು ಅವಳು. ಆದರೂ, ಬನ್ನಿ ಅತ್ತೆ, ನನಗೂ ಹೇಳಿಕೊಡಿ ಹೇಗೆ ಕಾಯೋದು ಅಂತ, ಎಂದಳು.

ಹೊಸ ಹಾಳೆ ಬರೆಯುವಷ್ಟರಲ್ಲಿ ಒಂದು ಗಂಟೆಯಾಯಿತು. ಈ ಸಲ ಏಳೇ ಸಾಲು. ಮೊದಲನೆಯದು ಅಮ್ಮನದು, ದೊಡ್ಡವಳು ಬರೆದದ್ದನ್ನೇ ಚಿಕ್ಕವಳು ಅಕ್ಷರ ನೋಡಿಕೊಂಡು ಅಂಕುಡೊಂಕಾಗಿ ಇಳಿಸಿದಳು. ಎಷ್ಟು, ಯಾವಾಗ ಎಂಬಲ್ಲಿ ಏನು ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ಬಿಟ್ಟರು. ಡ್ರೈವರು ಮತ್ತೆ ಕಣ್ಣು ಮುಚ್ಚಿ ಪ್ರಾರ್ಥಿಸಿದ, ಅವನ ಲೆಕ್ಕದಲ್ಲಿ ಬಹಳ ಚಿಕ್ಕದು. ಓದು ಬಾರದ ಮಗುವಿಗಾಗಿ ಸ್ತೋತ್ರ, ಅದನ್ನು ಹೇಳಿದ ತಾಯಿಗಾಗಿ ಸ್ತೋತ್ರ ಎಂದ. ಅವಳ ಆಮೆನ್ ಎಲ್ಲರಿಗಿಂತ ಮೊದಲು ಬಂತು.

ಆಮೇಲೆ ಊಟಕ್ಕೆ ಕೂತರು. ಬಡಿಸಿದವರು ಅತ್ತೆ. ಇನ್ಸ್‌ಪೆಕ್ಟರಮ್ಮ ತನ್ನ ತಟ್ಟೆಯದನ್ನು ಪೂರ್ತಿ ಉಂಡು, ಇನ್ನೂ ಸ್ವಲ್ಪ ಹಾಕಿ ಅತ್ತೆ ಎಂದಳು. ಮಕ್ಕಳಿಬ್ಬರೂ ತಮ್ಮ ಊಟ ಬಿಟ್ಟು ಅವಳು ಉಣ್ಣುವುದನ್ನೇ ನೋಡುತ್ತಾ ಕೂತಿದ್ದರು.